ಹಳೆ ಫಿಲ್ಟರ್ ನಮ್ಮ ಕೈಗೆ ಕೊಡಿ: ಕರಾವಳಿಯ ಬೈಕ್ ಡೀಲರ್‌ಗಳಿಗೆ ಒಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ದ್ವಿಚಕ್ರ ವಾಹನ ಡೀಲರ್‌ಗಳಿಗೆ, ಸರ್ವಿಸ್ ಸೆಂಟರ್ ಮ್ಯಾನೇಜರ್‌ಗಳಿಗೆ,

ನಮಸ್ಕಾರ.

ನಾನು ಉಡುಪಿ ಹತ್ತಿರದ ಕಟಪಾಡಿಯವನು. ಮಂಗಳೂರಿನ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ಹೋಗಲಿಕ್ಕೆ ಸುಮಾರು 40 ಕಿಲೋಮೀಟರ್, ಬರಲಿಕ್ಕೆ ಅಷ್ಟೇ. ಶಿಫ್ಟ್ ಡ್ಯೂಟಿ ಆದ್ದರಿಂದ ಬಸ್ಸಿನ ಹೊತ್ತು ಹೊಂದುವುದಿಲ್ಲ, ಬೈಕೇ ಬೇಕು. 2020ರ ಕೊನೆಯಲ್ಲಿ ತೆಗೆದುಕೊಂಡ 150 ಸಿಸಿ ಗಾಡಿ ಈಗ 1,08,000 ಕಿ.ಮೀ. ದಾಟಿದೆ. ಚೈನ್ ಸೆಟ್ ನಾಲ್ಕು ಸಲ ಹಾಕಿಸಿದ್ದೇನೆ. ಕ್ಲಚ್ ಪ್ಲೇಟ್ ಒಮ್ಮೆ, ಟೈಮಿಂಗ್ ಚೈನಿನ ಟೆನ್ಷನರ್ ಒಮ್ಮೆ. ಬೋರ್, ಪಿಸ್ಟನ್ ಕೆಲಸ ಇಲ್ಲಿವರೆಗೆ ಬಂದಿಲ್ಲ. ಬೆಳಿಗ್ಗೆ ಐದು ಗಂಟೆಗೆ, ಜೋರು ಮಳೆಯಲ್ಲೂ, ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಉಂಟು. ನಮ್ಮ ದೇಶದಲ್ಲಿ ತಯಾರಾಗುವ ಸಾಮಾನ್ಯ ಬೈಕಿನ ಎಂಜಿನ್ ಕೆಟ್ಟದ್ದಲ್ಲ. ಸರಿಯಾದ ಎಣ್ಣೆ, ಸರಿಯಾದ ಹೊತ್ತಿಗೆ ಹಾಕಿದರೆ ಒಂದು ಲಕ್ಷ ಕಿಲೋಮೀಟರ್ ಅದಕ್ಕೆ ದೊಡ್ಡ ದೂರ ಅಲ್ಲ. ಹಾಗಿದ್ದ ಮೇಲೆ ನಲವತ್ತೈವತ್ತು ಸಾವಿರಕ್ಕೇ ಹೊಗೆ ಬಿಡುವ, ಟಕಟಕ ಸದ್ದು ಮಾಡುವ ಗಾಡಿಗಳು ನಮ್ಮ ಹೆದ್ದಾರಿಯಲ್ಲಿ ಇಷ್ಟು ಯಾಕೆ? ಅದರಲ್ಲೂ ಪ್ರತಿ ಸರ್ವಿಸ್ ತಪ್ಪದೆ ಮಾಡಿಸಿದವರ ಗಾಡಿಗಳು? ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಐದು ವರ್ಷದಲ್ಲಿ ಮೂರು ಬೇರೆ ಬೇರೆ ಸರ್ವಿಸ್ ಸೆಂಟರ್‌ಗಳಿಗೆ ಹೋಗಿದ್ದೇನೆ. ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಒಬ್ಬರ ಹೆಸರು ಹೇಳಿದರೆ ತಪ್ಪೆಲ್ಲ ಅವರ ತಲೆ ಮೇಲೆ ಬಿದ್ದು, ಉಳಿದವರು ಪಾರಾಗುತ್ತಾರೆ. ನಾನು ಹೇಳಹೊರಟದ್ದು ಮೂರೂ ಕಡೆ ಕಂಡದ್ದು.

ಮೊದಲು ಆ ಸ್ಟಿಕ್ಕರಿನ ವಿಷಯ.

ಸರ್ವಿಸ್ ಮುಗಿದ ಮೇಲೆ ಗಾಡಿಗೆ ಒಂದು ಚಿಕ್ಕ ಸ್ಟಿಕ್ಕರ್ ಅಂಟಿಸುತ್ತೀರಿ. ಮುಂದಿನ ಸರ್ವಿಸ್ ಯಾವಾಗ ಅಂತ. ನನ್ನ ಗಾಡಿಗೆ ಅಂಟಿಸಿದ್ದು "2,500 ಕಿ.ಮೀ. ಅಥವಾ ಮೂರು ತಿಂಗಳು". ಉದ್ಯಾವರದಲ್ಲಿರುವ ನನ್ನ ಅಕ್ಕನ ಸ್ಕೂಟರಿಗೆ ಅಂಟಿಸಿದ್ದೂ ಅದೇ. ನಾನು ತಿಂಗಳಿಗೆ 2,000 ಕಿ.ಮೀ. ಹತ್ತಿರ ಓಡಿಸುತ್ತೇನೆ. ಅಕ್ಕ ಮನೆಯಿಂದ ಶಾಲೆಗೆ ಹೋಗಿ ಬರುವುದು, ಸಂಜೆ ತರಕಾರಿ ತರುವುದು. ವರ್ಷಕ್ಕೆ 1,200 ಕಿ.ಮೀ. ಆದರೆ ಹೆಚ್ಚು. ಇಬ್ಬರಿಗೂ ಒಂದೇ ಸ್ಟಿಕ್ಕರ್ ಹೇಗೆ ಹೊಂದುತ್ತದೆ ಮಾರಾಯ್ರೆ?

ನನ್ನ ಗಾಡಿಯ ಜೊತೆ ಬಂದ ಪುಸ್ತಕ ತೆಗೆದು ನೋಡಿದೆ. ಎಣ್ಣೆ ಬದಲಿಸಬೇಕಾದ್ದು 5,000 ಕಿ.ಮೀ.ಗೆ. ಅಕ್ಕನ ಸ್ಕೂಟರಿನ ಪುಸ್ತಕದಲ್ಲಿ ಕಿಲೋಮೀಟರಿನ ಲೆಕ್ಕದ ಜೊತೆ "ಅಥವಾ ವರ್ಷಕ್ಕೊಮ್ಮೆ" ಅಂತ ಉಂಟು. ಗಾಡಿ ತಯಾರಿಸಿದ ಕಂಪನಿಯೇ ಬರೆದದ್ದು ಇದು. ಅಕ್ಕನಿಗೆ ಮೂರು ತಿಂಗಳಿಗೊಮ್ಮೆ ಫೋನ್ ಬರುತ್ತದೆ, "ಮೇಡಂ, ನಿಮ್ಮ ಸರ್ವಿಸ್ ಡ್ಯೂ ಆಗಿದೆ" ಅಂತ. ಅವಳು ಹೆದರಿ ಹೋಗುತ್ತಾಳೆ. ಒಂದು ವರ್ಷ ಹಾಗೆ ನಾಲ್ಕು ಸಲ ಎಣ್ಣೆ ಬದಲಿಸಿದರು. ಅಂದರೆ 300 ಕಿಲೋಮೀಟರಿಗೊಮ್ಮೆ. ಹೊರಗೆ ಬಂದ ಎಣ್ಣೆ ಇನ್ನೂ ಜೇನಿನ ಬಣ್ಣದಲ್ಲಿತ್ತು, ನಾನೇ ನೋಡಿದ್ದೇನೆ. ಅವಳ ಸ್ಕೂಟರಿಗೆ ಹಿಡಿಯುವ ಎಣ್ಣೆ ಮುಕ್ಕಾಲು ಲೀಟರಿನ ಆಸುಪಾಸು. ಬಿಲ್ ಪೂರ್ತಿ ಒಂದು ಲೀಟರಿಗೆ. ಉಳಿದ ಎಣ್ಣೆ ಎಲ್ಲಿ ಅಂತ ಕೇಳಿದರೆ ಕೌಂಟರಿನಲ್ಲಿ ಉತ್ತರ ಇಲ್ಲ. ದುಡ್ಡು ಕೊಟ್ಟು ಕೊಂಡ ಎಣ್ಣೆ ಅಲ್ವಾ ಅದು? ಬಾಟಲಿಯ ಮುಚ್ಚಳ ಹಾಕಿ ಅವಳ ಕೈಗೆ ಕೊಡಬೇಕಿತ್ತು.

ಎಣ್ಣೆಯಲ್ಲಿ ಜಿಪುಣತನ ಮಾಡುವವನಲ್ಲ ನಾನು. ಬೈಕಿನಲ್ಲಿ ಎಂಜಿನ್, ಗೇರ್ ಬಾಕ್ಸ್, ಕ್ಲಚ್ ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿನ ಹಾಗೆ ಬೇರೆ ಬೇರೆ ಅಲ್ಲ. ಗೇರಿನ ಹಲ್ಲುಗಳ ನಡುವೆ ಸಿಕ್ಕಿ ಎಣ್ಣೆ ಅರೆದುಹೋಗುತ್ತದೆ, ದಿನ ಹೋದ ಹಾಗೆ ತೆಳ್ಳಗಾಗುತ್ತದೆ. ಗೇರ್ ಹಾಕುವಾಗ ಕಾಲಿಗೇ ಗೊತ್ತಾಗುತ್ತದೆ, ಮೊದಲಿನ ನಯ ಇರುವುದಿಲ್ಲ. ಹಾಗಾಗಿ ಎಣ್ಣೆ ಬದಲಿಸುವುದು ಮುಖ್ಯ. ಯಾವ ಎಣ್ಣೆ ಅನ್ನುವುದೂ ಅಷ್ಟೇ ಮುಖ್ಯ. ಜಪಾನಿನವರು 1998ರಲ್ಲೇ ಇದಕ್ಕೆ ಜಾಸೋ ಅನ್ನುವ ಮಾನದಂಡ ಮಾಡಿದ್ದಾರೆ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇರುವ ಬೈಕಿಗೆ ಎಂಎ ಅಥವಾ ಎಂಎ2 ಗುರುತಿನ ಎಣ್ಣೆ. ಸ್ಕೂಟರಿನ ಕ್ಲಚ್ ಒಣಗಿದ ಜಾಗದಲ್ಲಿರುವುದರಿಂದ ಅದಕ್ಕೆ ಎಂಬಿ ನಡೆಯುತ್ತದೆ. ತುಂಬ ಜಾರುವ ಎಣ್ಣೆ ಬೈಕಿಗೆ ಹಾಕಿದರೆ ಕ್ಲಚ್ ಹಿಡಿಯುವುದಿಲ್ಲ, ಜಾರುತ್ತದೆ. ಇನ್ನು 10ಡಬ್ಲ್ಯು-30 ಕೇಳುವ ಎಂಜಿನ್‌ಗೆ ಅದಕ್ಕಿಂತ ದಪ್ಪದ 20ಡಬ್ಲ್ಯು-50 ಹಾಕಿದರೆ ಬೆಳಿಗ್ಗೆ ತಣ್ಣಗಿರುವಾಗ ಅದು ಮೇಲಿನವರೆಗೆ ಏರಲು ಹೊತ್ತು ತೆಗೆದುಕೊಳ್ಳುತ್ತದೆ. ನೀವು ಬ್ಯಾರಲಿನಿಂದ ಅಳೆದು ಹಾಕುವ ಎಣ್ಣೆ ಯಾವ ಗ್ರೇಡಿನದು ಅಂತ ಬಿಲ್ಲಿನಲ್ಲಿ ಒಂದು ಸಾಲು ಬರೆಯುವುದು ಕಷ್ಟವೇನಲ್ಲ. ನನ್ನ ಒಂದು ಬಿಲ್ಲಿನಲ್ಲೂ ಅದು ಬರೆದಿಲ್ಲ. "ಎಂಜಿನ್ ಆಯಿಲ್" ಅಂತ ಮಾತ್ರ ಉಂಟು.

ಮೊದಲಿನ ಕಾಲದಲ್ಲಿ 2,000 ಕಿ.ಮೀ.ಗೆ ಎಣ್ಣೆ ಬದಲಿಸುತ್ತಿದ್ದರು, ನಿಜ. ಆಗಿನ ಎಣ್ಣೆ ಬೇರೆ, ಕಾರ್ಬುರೇಟರ್ ಗಾಡಿಗಳು ಬೇರೆ. ಚೋಕ್ ಎಳೆದು ಸ್ಟಾರ್ಟ್ ಮಾಡುವಾಗ ಜಾಸ್ತಿ ಪೆಟ್ರೋಲ್ ಒಳಗೆ ಹೋಗಿ ಎಣ್ಣೆಗೂ ಸೇರುತ್ತಿತ್ತು. 2020ರ ಏಪ್ರಿಲ್ 1ರಿಂದ ಹೊಗೆ ನಿಯಂತ್ರಣದ ಬಿಎಸ್6 ನಿಯಮ ಬಂತು, ಕಾರ್ಬುರೇಟರ್ ಬದಲು ಪೆಟ್ರೋಲನ್ನು ಅಳೆದು ಸಿಂಪಡಿಸುವ ಫ್ಯುಯೆಲ್ ಇಂಜೆಕ್ಷನ್ ಸಾಮಾನ್ಯವಾಯಿತು. ಈಗ ಕೆಲವು ಹೊಸ 350 ಸಿಸಿ ಗಾಡಿಗಳ ಪುಸ್ತಕದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ ಅಂತ ಬರೆದದ್ದೂ ಉಂಟು. ಗಾಡಿ ಬದಲಾಗಿದೆ, ಎಣ್ಣೆ ಬದಲಾಗಿದೆ. ನಿಮ್ಮ ಸ್ಟಿಕ್ಕರ್ ಮಾತ್ರ ಬದಲಾಗಿಲ್ಲ.

ಹಾಗಂತ ಅಕ್ಕನಂಥವರು ವರ್ಷಗಟ್ಟಲೆ ಬಿಡಬಹುದು ಅಂತಲೂ ಅಲ್ಲ. ಒಂದೂವರೆ ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ನಮ್ಮ ಮಳೆಗಾಲದ ತೇವ ಒಳಗೆ ಹನಿಗಟ್ಟುತ್ತದೆ, ಆವಿಯಾಗಿ ಹೋಗುವುದಿಲ್ಲ. ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಒಳಗೆ ಹಾಲು ಬೆರೆಸಿದಂಥ ಬಿಳಿ ನೊರೆ ಕಾಣುತ್ತದೆ. ಅಂಥವರಿಗೆ ಕಿಲೋಮೀಟರ್ ಅಲ್ಲ, ತಿಂಗಳು ಲೆಕ್ಕ. ಮಳೆಗಾಲ ಮುಗಿದ ಕೂಡಲೇ ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ, ವಾರಕ್ಕೊಮ್ಮೆ ಹತ್ತು ಹದಿನೈದು ಕಿಲೋಮೀಟರ್ ಒಂದೇ ಸಮ ಓಡಿಸಿ ಅಂತ ಅವಳಿಗೆ ಹೇಳಬೇಕಾದವರು ನೀವು. ಆ ಎರಡು ಮಾತು ಅವಳಿಗೆ ಇಲ್ಲಿವರೆಗೆ ಯಾರೂ ಹೇಳಿಲ್ಲ. ಸುಮ್ನೆ ಫೋನ್ ಮಾಡುತ್ತಾರೆ.

ಈಗ ದುಡ್ಡಿನ ಮಾತಿಗೆ ಬರುತ್ತೇನೆ. ನನ್ನ ಹತ್ತಿರ ಎಲ್ಲ ಬಿಲ್ಲುಗಳೂ ಉಂಟು. ಅದರಲ್ಲಿ ಒಂದನ್ನು ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ತೆರಿಗೆ ಸೇರಿ ಎಣ್ಣೆಗೆ 460 ರೂಪಾಯಿ, ಆಯಿಲ್ ಫಿಲ್ಟರ್ 95, ಲೇಬರ್ 520, ತೊಳೆದದ್ದಕ್ಕೆ 120, ಚೈನ್ ಸ್ಪ್ರೇ 110. ಇಲ್ಲಿವರೆಗೆ 1,305. ಇದಕ್ಕೆ ನನ್ನ ತಕರಾರಿಲ್ಲ. ಮುಂದೆ ನೋಡಿ. ಎಂಜಿನ್ ಫ್ಲಶ್ 210, ಇಂಜೆಕ್ಟರ್ ಕ್ಲೀನರ್ 240, ಪಾಲಿಶ್ 180, ಕನ್ಸ್ಯೂಮೆಬಲ್ಸ್ ಅಂತ ಸಣ್ಣಪುಟ್ಟ ಸಾಮಾನಿಗೆ 75. ಒಟ್ಟು 705 ರೂಪಾಯಿ. ಈ ನಾಲ್ಕನ್ನೂ ನಾನು ಕೇಳಿರಲಿಲ್ಲ. ಪುಸ್ತಕದಲ್ಲಿ ಇವುಗಳ ಹೆಸರೇ ಇಲ್ಲ. 2,010 ರೂಪಾಯಿಯ ಬಿಲ್ಲಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋದದ್ದು ನಾನು ಕೇಳದ ಕೆಲಸಕ್ಕೆ. ದಿನಗೂಲಿ ಮಾಡುವವರ ಲೆಕ್ಕದಲ್ಲಿ 705 ರೂಪಾಯಿ ಅಂದರೆ ಒಂದು ದಿನದ ದುಡಿಮೆ.

ಕೇಳಿದಾಗ ಅಡ್ವೈಸರ್ ಹೇಳಿದ್ದು, "ಅದು ಪ್ಯಾಕೇಜಲ್ಲಿ ಬರ್ತದೆ ಸರ್. ಎಲ್ಲರಿಗೂ ಹಾಕ್ತೇವೆ." ಎಲ್ಲರಿಗೂ ಹಾಕುತ್ತೀರಿ ಅಂದ ಮಾತ್ರಕ್ಕೆ ಅದು ಬೇಕು ಅಂತ ಆಗುತ್ತದಾ? ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸುವ ಎಂಜಿನ್‌ನಲ್ಲಿ ಫ್ಲಶ್ ಮಾಡಿ ತೆಗೆಯುವಷ್ಟು ಕೆಸರು ಇರುವುದಿಲ್ಲ. ಅಷ್ಟು ಕೆಸರು ಇದ್ದರೆ ಹಿಂದಿನ ಸರ್ವಿಸ್‌ನಲ್ಲಿ ಏನು ಮಾಡಿದಿರಿ ಅನ್ನುವ ಪ್ರಶ್ನೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು. ಬ್ರೇಕ್ ಶೂನಂಥ ಸಾಮಾನಿನ ಬೆಲೆ ಸ್ವಲ್ಪ ಕೆಳಗೆ ಬಂತು, ಒಳ್ಳೆಯದೇ. ಆದರೆ ಬೇಡದ ಸಾಮಾನಿನ ಮೇಲೆ ತೆರಿಗೆ ಎಷ್ಟು ಕಡಿಮೆಯಾದರೂ ಅದು ನಷ್ಟವೇ.

ಮುಂದೆ ಹೇಳುವುದು ದುಡ್ಡಿಗಿಂತ ಜಾಸ್ತಿ ಮನಸ್ಸಿಗೆ ತಾಗಿದ ವಿಷಯ.

ಗಾಡಿ 45,000 ಕಿ.ಮೀ. ಹತ್ತಿರ ಇದ್ದಾಗ ಯಾಕೋ ಅನುಮಾನ ಬಂತು. ಎಣ್ಣೆ ಬದಲಿಸಿ ಸಾವಿರ ಕಿಲೋಮೀಟರಿಗೇ ಕಪ್ಪಾಗುತ್ತಿತ್ತು. ಸರ್ವಿಸಿಗೆ ಬಿಡುವ ಹಿಂದಿನ ಭಾನುವಾರ ಗಾಡಿಯನ್ನು ಎಡಕ್ಕೆ ವಾಲಿಸಿ ನಿಲ್ಲಿಸಿದೆ. ಬಲಬದಿಯ ಆಯಿಲ್ ಫಿಲ್ಟರ್ ಮುಚ್ಚಳದ ಮೂರು ಬೋಲ್ಟ್ ತೆಗೆದೆ. ಫಿಲ್ಟರನ್ನು ಹೊರಗೆ ಎಳೆದು, ಅದರ ಕೊನೆಯ ತಗಡಿನ ಭಾಗವನ್ನು ಬಟ್ಟೆಗೆ ಪೆಟ್ರೋಲ್ ಮುಟ್ಟಿಸಿ ಒರೆಸಿದೆ. ಮಗಳ ಕೆಂಪು ನೇಲ್ ಪಾಲಿಶ್ ತಂದು ಒಂದು ಚುಕ್ಕೆ ಇಟ್ಟೆ. ಒಣಗಿದ ಮೇಲೆ ಹಾಗೆಯೇ ವಾಪಸ್ ಹಾಕಿ ಬಿಗಿದೆ. ಸೋಮವಾರ ಗಾಡಿ ಬಿಟ್ಟೆ. ಸಂಜೆ ಬಿಲ್ ಕೊಟ್ಟು ತಂದೆ. ಬಿಲ್ಲಿನಲ್ಲಿ ಫಿಲ್ಟರಿನ ದುಡ್ಡು ಇತ್ತು.

ಮುಂದಿನ ಭಾನುವಾರ ಮತ್ತೆ ಅದೇ ಮೂರು ಬೋಲ್ಟ್ ತೆಗೆದೆ. ಕೆಂಪು ಚುಕ್ಕೆ ಅಲ್ಲೇ ಇತ್ತು.

ಸಿಟ್ಟು ಬರಲಿಲ್ಲ. ಒಂದು ರೀತಿ ಕೈಕಾಲು ಬಿದ್ದುಹೋದ ಹಾಗಾಯಿತು. ತೊಂಬತ್ತೈದು ರೂಪಾಯಿಯ ಸಾಮಾನು ಅದು. ಆದರೆ ಎಂಜಿನ್ ಒಳಗೆ ಸವೆದ ಲೋಹದ ಪುಡಿಯನ್ನು ಮುಖ್ಯವಾಗಿ ಹಿಡಿದಿಡುವುದು ಅದೇ. ಅದು ತುಂಬಿಹೋದರೆ ಒಳಗಿನ ಬೈಪಾಸ್ ವಾಲ್ವ್ ತೆರೆದು, ಸೋಸದ ಎಣ್ಣೆಯೇ ಸುತ್ತುತ್ತದೆ. ಹೊಸ ಎಣ್ಣೆ ಹಾಕಿ ಹಳೆ ಫಿಲ್ಟರ್ ಬಿಟ್ಟರೆ, ಮಿಂದು ಬಂದು ಕೊಳೆ ಅಂಗಿ ಹಾಕಿದ ಹಾಗೆ. ಎಷ್ಟು ಸಲ ಹೀಗಾಗಿತ್ತೋ ನನಗೆ ಗೊತ್ತಿಲ್ಲ. ನನ್ನ ಹಾಗೆ ಬಿಚ್ಚಿ ನೋಡಲು ಬಾರದವರು ಎಷ್ಟು ಜನ?

ಫಿಲ್ಟರ್ ಹಿಡಿದುಕೊಂಡೇ ಹೋದೆ. "ಹುಡುಗ ಮರೆತಿರಬೇಕು ಸರ್" ಅಂದರು. ಕೂಡಲೇ ಹೊಸದು ಹಾಕಿಕೊಟ್ಟರು. ಆ ಹುಡುಗ ಆಮೇಲೆ ಹೊರಗೆ ಚಾ ಅಂಗಡಿಯಲ್ಲಿ ಸಿಕ್ಕಿದ. ಐಟಿಐ ಮುಗಿಸಿ ಎರಡು ವರ್ಷ ಆಗಿತ್ತಂತೆ. ಮುಖ ಸಣ್ಣ ಮಾಡಿಕೊಂಡು ಹೇಳಿದ, "ಅಣ್ಣ, ಮಧ್ಯಾಹ್ನದ ಒಳಗೆ ಏಳು ಗಾಡಿ ಮುಗಿಸ್ಬೇಕು. ಎಂತ ಮಾಡುದು ಹೇಳಿ?" ನನಗೆ ಅವನ ಮೇಲೆ ಬೇಜಾರಿಲ್ಲ. ಏಳು ಗಾಡಿ ಅಂದರೆ ಒಂದಕ್ಕೆ ಅರ್ಧ ಗಂಟೆ. ಎಣ್ಣೆ ಪೂರ್ತಿ ಇಳಿಯಲಿಕ್ಕೇ ಹತ್ತು ನಿಮಿಷ ಬೇಕು. ಉಳಿದ ಇಪ್ಪತ್ತು ನಿಮಿಷದಲ್ಲಿ ಬ್ರೇಕ್ ಬಿಚ್ಚಿ, ಏರ್ ಫಿಲ್ಟರ್ ನೋಡಿ, ಚೈನ್ ಬಿಗಿದು, ಪ್ಲಗ್ ತೆಗೆದು, ಆಯಿಲ್ ಫಿಲ್ಟರ್ ಬದಲಿಸಲು ಯಾವ ನುರಿತ ಮೆಕ್ಯಾನಿಕ್‌ಗೂ ಆಗುವುದಿಲ್ಲ. ಅವನ ಮೇಲೆ ಹೇರಿದ ಲೆಕ್ಕ ನಿಮ್ಮದು. ತಪ್ಪೂ ಅಲ್ಲೇ ಉಂಟು.

ಹೀಗೆ ಅವಸರದಲ್ಲಿ ಬಿಟ್ಟುಹೋಗುವ ಕೆಲಸಗಳಲ್ಲಿ ಎಂಜಿನ್‌ಗೆ ಅತಿ ಮುಖ್ಯವಾದದ್ದು ಟ್ಯಾಪೆಟ್. ಎಂಜಿನ್ನಿಗೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್ ಮತ್ತು ಅದನ್ನು ಒತ್ತಿ ತೆರೆಯುವ ರಾಕರ್ ನಡುವಿನ ಸಂದು. ಕೂದಲೆಳೆಯಷ್ಟು, ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ ಇರುತ್ತದೆ ಅನೇಕ ಗಾಡಿಗಳಲ್ಲಿ. ಅದನ್ನು ಫೀಲರ್ ಗೇಜ್ ಅನ್ನುವ ತೆಳು ತಗಡಿನ ಪಟ್ಟಿ ಹಾಕಿ ಅಳೆಯಬೇಕು. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಅಳೆಯಬೇಕು, ಬಿಸಿಯಲ್ಲಿ ಲೋಹ ಹಿಗ್ಗಿ ಅಳತೆ ತಪ್ಪುತ್ತದೆ. ನಾನು ಕಟಪಾಡಿಯಿಂದ ಓಡಿಸಿಕೊಂಡು ಬಂದು ಒಂಬತ್ತಕ್ಕೆ ಗಾಡಿ ಬಿಡುತ್ತೇನೆ. ಹತ್ತೂವರೆಗೆ "ರೆಡಿ ಸರ್" ಅಂತ ಮೆಸೇಜ್ ಬರುತ್ತದೆ. ಮಾಡಿದ ಕೆಲಸ ಗುರುತಿಸುವ ಜಾಬ್ ಕಾರ್ಡಿನಲ್ಲಿ ಟ್ಯಾಪೆಟ್ ಚೆಕ್ ಎದುರು ರೈಟ್ ಗುರುತು ಇರುತ್ತದೆ. ಒಂದೂವರೆ ಗಂಟೆಯಲ್ಲಿ ಎಂಜಿನ್ ತಣ್ಣಗಾಗಿ, ಅಳೆದು, ಉಳಿದ ಕೆಲಸವೂ ಮುಗಿದೀತಾ? ಹೇಗೆ ನಂಬುವುದು?

ನಮ್ಮ ಜನರಿಗೆ ಒಂದು ತಪ್ಪು ನಂಬಿಕೆ ಉಂಟು, ಅದನ್ನು ಬಿಡಿಸಬೇಕಾದವರೂ ನೀವೇ. ಎಂಜಿನ್ ಸದ್ದಿಲ್ಲದೆ ಓಡಿದರೆ ಆರೋಗ್ಯ ಚೆನ್ನಾಗಿದೆ, ಟಿಕ್ ಟಿಕ್ ಅಂದರೆ ಕೆಟ್ಟಿದೆ ಅಂತ. ಟ್ಯಾಪೆಟ್ ಸಡಿಲಾದರೆ ಸದ್ದು ಬರುತ್ತದೆ, ಹೌದು. ಆದರೆ ವಾಲ್ವ್ ಮತ್ತು ಅದರ ಸೀಟ್ ಸವೆದ ಹಾಗೆ ಸಂದು ಕಿರಿದಾಗುತ್ತದೆ, ಸದ್ದು ಕಡಿಮೆಯಾಗುತ್ತದೆ. ಸಂದು ಇಲ್ಲವೇ ಇಲ್ಲ ಅಂತಾದಾಗ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿ ಕೂತಾಗ ಮಾತ್ರ ಅದರ ಬಿಸಿ ಎಂಜಿನ್ನಿನ ಮೇಲ್ಭಾಗವಾದ ಹೆಡ್‌ಗೆ ಹೋಗುವುದು. ಕೂರದಿದ್ದರೆ ಅಂಚು ಸುಡುತ್ತದೆ. ಗಾಡಿಯ ಎಳೆಯುವ ಶಕ್ತಿ (ಪುಲ್ಲಿಂಗ್) ಹೋಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಆಮೇಲೆ ಹೆಡ್ ಇಳಿಸುವ ಕೆಲಸ, ಸಾವಿರಗಟ್ಟಲೆ ಬಿಲ್. ಸದ್ದು ಬರುತ್ತದೆ ಅಂತ ಗ್ರಾಹಕ ಹೇಳಿದ ಕೂಡಲೇ ಗೇಜ್ ಇಲ್ಲದೆ ಕೈಯಂದಾಜಿಗೆ ಟೈಟ್ ಮಾಡಿ ಕಳಿಸುವುದು ಎಂಜಿನ್‌ಗೆ ಮಾಡುವ ದ್ರೋಹ. ಪಾಲಿಶ್ ಮಾಡಿದ ಟ್ಯಾಂಕ್ ಹೊಳೆಯುತ್ತಿರುತ್ತದೆ, ಒಳಗೆ ವಾಲ್ವ್ ಸುಡುತ್ತಿರುತ್ತದೆ.

ಹಳೆ ಎಣ್ಣೆ ಇಳಿಸಲು ತೆಗೆಯುವ ಡ್ರೈನ್ ಬೋಲ್ಟ್ ಕೂಡ ಹಾಗೆಯೇ. ಎಂಜಿನ್ ಕೇಸ್ ಅಲ್ಯೂಮಿನಿಯಂ, ಬೋಲ್ಟ್ ಉಕ್ಕಿನದು. ಬಲ ಇದ್ದಷ್ಟು ಬಿಗಿದರೆ ಸೋಲುವುದು ಕೇಸಿನ ಥ್ರೆಡ್. ಇಷ್ಟೇ ಬಿಗಿ ಅಂತ ಅಳೆದು ಬಿಗಿಯುವ ಟಾರ್ಕ್ ರೆಂಚ್ ನಿಮ್ಮ ಗೋಡೆಯಲ್ಲಿ ನೇತಾಡುವುದನ್ನು ನೋಡಿದ್ದೇನೆ, ಕೈಯಲ್ಲಿ ನೋಡಿದ್ದು ಕಡಿಮೆ. ವಾಷರ್ ಹೊಸದು ಹಾಕುವುದಕ್ಕೆ ಹತ್ತಿಪ್ಪತ್ತು ರೂಪಾಯಿ. ಹಾಕಿ, ಬಿಲ್ ಮಾಡಿ. ಖುಷಿಯಲ್ಲಿ ಕೊಡುತ್ತೇವೆ.

ಇನ್ನು ನಮ್ಮ ಊರಿನ ಗಾಳಿ, ಮಳೆ. ಪುಸ್ತಕ ಬರೆದವರು ಇಡೀ ದೇಶಕ್ಕೆ ಬರೆದದ್ದು. ಉಡುಪಿ, ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಹೆದ್ದಾರಿ 66 ಕೆಲವು ಕಡೆ ಸಮುದ್ರಕ್ಕೆ ಕೂಗಳತೆಯಲ್ಲಿ ಓಡುತ್ತದೆ. ಪಡುಬಿದ್ರಿ, ಕಾಪು ಹತ್ತಿರ ಗಾಳಿಯಲ್ಲೇ ಉಪ್ಪು. ಮಲ್ಪೆಯಿಂದ ಮೀನು ತುಂಬಿಕೊಂಡು ಮನೆ ಮನೆಗೆ ಬರುವ ಅಣ್ಣಂದಿರ ಗಾಡಿ ನೋಡಿದ್ದೀರಾ? ಹಿಂದಿನ ಪೆಟ್ಟಿಗೆಯಿಂದ ಐಸ್ ಕರಗಿದ ಉಪ್ಪುನೀರು ದಿನವಿಡೀ ಚೈನ್, ರಿಮ್ಮು, ಶಾಕ್ ಅಬ್ಸಾರ್ಬರ್ ಮೇಲೆ ಸುರಿಯುತ್ತಿರುತ್ತದೆ. ಅವರಿಗೂ ಅದೇ ಪಾಲಿಶ್, ಅದೇ ಫ್ಲಶ್. ಅವರಿಗೆ ಬೇಕಾದದ್ದು ಚೈನ್ ತೊಳೆದು ದಪ್ಪ ಎಣ್ಣೆ ಹಾಕುವುದು, ಬ್ರೇಕ್ ಕ್ಯಾಮ್ ಬಿಚ್ಚಿ ಗ್ರೀಸ್ ಹಚ್ಚುವುದು, ವೈರಿನ ಕನೆಕ್ಟರ್‌ಗಳ ಹಸಿರು ತುಕ್ಕು ತೆಗೆಯುವುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವಾಗ ಅವರ ಓಡಾಟ ಕಡಿಮೆ. ಅಂಥವರನ್ನು ಆ ಎರಡು ತಿಂಗಳಲ್ಲಿ ಕರೆದು, ಗಾಡಿ ಒಂದು ದಿನ ಇಟ್ಟುಕೊಂಡು, ಈ ಕೆಲಸ ಮಾಡಿಕೊಡಿ. ಊರಿನ ಡೀಲರ್ ಅಂದರೆ ಊರಿನ ಗಾಡಿ ಹೇಗೆ ಹಾಳಾಗುತ್ತದೆ ಅಂತ ಗೊತ್ತಿರುವವರು ಅಲ್ವಾ?

ಮಳೆಗಾಲಕ್ಕೆ ಮುಂಚೆ ಬ್ರೇಕ್ ಆಯಿಲ್ ನೋಡುವವರೂ ಕಡಿಮೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅಂತ ಹೆಚ್ಚಿನ ಪುಸ್ತಕಗಳಲ್ಲಿ ಉಂಟು. ತೇವ ಸೇರಿದ ಬ್ರೇಕ್ ಆಯಿಲ್ ಬಿಸಿಯಾದಾಗ ಕುದಿದು ಗುಳ್ಳೆ ಬರುತ್ತದೆ, ಲಿವರ್ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವಾಗ ಅದು ಗೊತ್ತಾಗಬಾರದು. ಐದು ವರ್ಷದಲ್ಲಿ ನನಗೆ ಒಂದು ಸಲವೂ ನೀವಾಗಿ ಇದನ್ನು ಹೇಳಲಿಲ್ಲ. ನಾನೇ ಕೇಳಿ ಮಾಡಿಸಿದ್ದು, ಎರಡು ಸಲ.

ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ಗಾಡಿ ಬಂದ್ ಬಿದ್ದರೆ ಸೆಲ್ಫ್ ಹಾಕಬೇಡಿ, ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ ಅಂತ ಒಂದು ಬೋರ್ಡ್ ಬರೆದು ಕೌಂಟರಿನಲ್ಲಿ ಹಾಕಿದರೂ ಎಷ್ಟೋ ಎಂಜಿನ್ ಉಳಿಯುತ್ತದೆ. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಇ20 ಪೆಟ್ರೋಲ್. ಅದೂ ನೀರು ಹೀರುತ್ತದೆ. ಹಳೆ ಗಾಡಿಯವರು ಪೈಪು, ರಬ್ಬರ್ ಸೀಲ್ ಬಗ್ಗೆ ಕೇಳಿದರೆ ಸರಿಯಾಗಿ ನೋಡಿ ಹೇಳಿ.

ಕಾನೂನಿನ ಮಾತು ಸ್ವಲ್ಪ. ಬೆದರಿಸಲಿಕ್ಕಲ್ಲ, ಓದುವ ನಮ್ಮವರಿಗೂ ಗೊತ್ತಿರಲಿ ಅಂತ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಡ ಸಾಮಾನಿನ, ಮಾಡಿಸಿದ ಕೆಲಸದ ಗುಣಮಟ್ಟ, ಪ್ರಮಾಣ, ಬೆಲೆ ತಿಳಿಯುವುದು ನಮ್ಮ ಹಕ್ಕು. ಬಿಲ್ ಕೊಡದಿರುವುದನ್ನು ಅದು ಅನುಚಿತ ವ್ಯಾಪಾರ ಅನ್ನುತ್ತದೆ. 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಗ್ರಾಹಕರ ಆಯೋಗ ಉಂಟು, ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅರ್ಜಿಗೆ ಶುಲ್ಕ ಇಲ್ಲ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ ಮತ್ತು ಗಾಡಿಯ ದೋಷ ಹುಡುಕುವ ಸಲಕರಣೆಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಕಟ್ಟಿಹಾಕಿದ್ದಕ್ಕೆ. ದಂಡದ ವಿಷಯ ಆಮೇಲೆ ಮೇಲ್ಮನವಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿನ ಪೋರ್ಟಲ್ ಶುರುಮಾಡಿದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತು. ನಮ್ಮ ಬೈಕುಗಳಲ್ಲೂ ಈಗ ಚೆಕ್ ಎಂಜಿನ್ ಲೈಟ್ ಉಂಟು. ಅದು ಹತ್ತಿದರೆ ಊರಿನ ಗ್ಯಾರೇಜಿನ ಅಣ್ಣ ಕೈಚೆಲ್ಲುತ್ತಾನೆ, ಕಂಪನಿಯ ಸ್ಕ್ಯಾನರ್ ಅವನ ಹತ್ತಿರ ಇಲ್ಲ. ಆಗ ನಿಮ್ಮಲ್ಲಿಗೇ ಬರಬೇಕು. ಬರುತ್ತೇವೆ. ಸ್ಕ್ಯಾನರಿನಲ್ಲಿ ಯಾವ ದೋಷದ ಕೋಡ್ ಬಂತು, ಏನು ಅರ್ಥ ಅಂತ ಒಂದು ಚೀಟಿಯಲ್ಲಿ ಬರೆದು ಕೊಡಿ.

ವಾರಂಟಿಯ ಹೆಸರಿನಲ್ಲಿ ಹೆದರಿಸುವುದನ್ನೂ ನಿಲ್ಲಿಸಿ. ಹೊರಗೆ ಕೈ ಹಾಕಿಸಿದರೆ ವಾರಂಟಿ ಹೋಯಿತು ಅಂತ ಕೌಂಟರಿನಲ್ಲಿ ಹೇಳುತ್ತಾರೆ. ಯಾವ ಕೆಲಸಕ್ಕೆ, ಯಾವ ಷರತ್ತಿನಲ್ಲಿ ಅಂತ ಪುಸ್ತಕದ ಪುಟ ತೋರಿಸಿ ಅಂದರೆ ತೋರಿಸುವುದಿಲ್ಲ. ಪಂಚರ್ ಅಂಗಡಿಯಲ್ಲಿ ಹಿಂದಿನ ಚಕ್ರ ಬಿಚ್ಚಿಸಲಿಕ್ಕೂ ನಮ್ಮ ನೆರೆಮನೆಯ ಹುಡುಗ ಹೆದರುತ್ತಾನೆ.

ನಾನು ಕೇಳುವುದು ರಿಯಾಯಿತಿ ಅಲ್ಲ. ಪುಸ್ತಕದಲ್ಲಿರುವುದನ್ನು ಪೂರ್ತಿ ಮಾಡಿ, ಇಲ್ಲದ್ದನ್ನು ಕೇಳದೆ ಮಾಡಬೇಡಿ, ಮಾಡಿದ್ದನ್ನು ತೋರಿಸಿ. ಬದಲಿಸಿದ ಫಿಲ್ಟರ್, ಪ್ಲಗ್, ಬ್ರೇಕ್ ಶೂಗಳನ್ನು ಒಂದು ಕವರಿನಲ್ಲಿ ಹಾಕಿ ಗಾಡಿಯ ಹ್ಯಾಂಡಲಿಗೆ ಕಟ್ಟಿ ಕೊಡಿ. ಬೇಡದವರು ಅಲ್ಲೇ ಬಿಟ್ಟು ಹೋಗುತ್ತಾರೆ. ಟ್ಯಾಪೆಟ್ ಎದುರು ರೈಟ್ ಗುರುತು ಬೇಡ, ಅಳತೆ ಬರೆಯಿರಿ, ಇನ್ಟೇಕ್ ಎಷ್ಟು, ಎಕ್ಸಾಸ್ಟ್ ಎಷ್ಟು ಅಂತ. ಲೇಬರ್ ದರದ ಪಟ್ಟಿ ಕನ್ನಡದಲ್ಲಿ, ಅಕ್ಕನಂಥವರಿಗೆ ಓದಲಿಕ್ಕೆ ಆಗುವಷ್ಟು ದೊಡ್ಡ ಅಕ್ಷರದಲ್ಲಿ ಕೌಂಟರಿನ ಎದುರು ಹಾಕಿ. ಒಳಗೆ ಬರಬೇಡಿ ಅನ್ನುವುದು ಸುರಕ್ಷತೆಗೆ ಅಂತಾದರೆ ಒಪ್ಪುತ್ತೇನೆ, ನಾನೂ ಕಾರ್ಖಾನೆಯವನೇ. ಹಾಗಾದರೆ ನಡುವೆ ಒಂದು ಗಾಜಿನ ಕಿಟಕಿ ಇಡಿ.

ಆ ಹುಡುಗನಿಗೆ ದಿನಕ್ಕೆ ಗಾಡಿ ಕಡಿಮೆ ಕೊಡಿ. ಲೇಬರ್ 520ರ ಬದಲು 650 ಮಾಡಿದರೂ ನಾನು ಕೊಡುತ್ತೇನೆ. ಆ ಹೆಚ್ಚಿನ ದುಡ್ಡು ಫ್ಲಶ್ ಬಾಟಲಿಗೆ ಹೋಗದೆ ಅವನ ಕೈಗೆ, ಅವನ ಹೊತ್ತಿಗೆ ಹೋಗುವುದಾದರೆ. ಸರ್ವಿಸ್ ಆದ ಮೇಲೆ ಫೋನ್ ಮಾಡಿ ಹತ್ತಕ್ಕೆ ಹತ್ತು ಕೊಡಿ ಸರ್ ಅಂತ ಅವನ ಕೈಯಲ್ಲಿ ಬೇಡಿಸಬೇಡಿ. ಕೆಲಸ ಚೆನ್ನಾಗಿದ್ದರೆ ಜನರೇ ಇನ್ನೊಬ್ಬರಿಗೆ ಹೇಳುತ್ತಾರೆ.

ನನ್ನ ಮುಂದಿನ ಸರ್ವಿಸ್ 1,10,000ಕ್ಕೆ. ಇನ್ನೊಂದು ತಿಂಗಳು. ಈ ಸಲ ಹಿಂದಿನ ಸಂಜೆಯೇ ಗಾಡಿ ತಂದು ಬಿಡುತ್ತೇನೆ, ಬೆಳಿಗ್ಗೆ ಎಂಜಿನ್ ತಣ್ಣಗಿರಲಿ ಅಂತ. ಟ್ಯಾಪೆಟ್ ಅಳತೆ ಬರೆಯಬೇಕು, ಹಳೆ ಫಿಲ್ಟರ್ ವಾಪಸ್ ಕೊಡಬೇಕು ಅಂತ ಜಾಬ್ ಕಾರ್ಡಿನಲ್ಲಿ ನನ್ನ ಕೈಯಲ್ಲೇ ಬರೆಯುತ್ತೇನೆ. ಕೆಳಗೆ ನಿಮ್ಮ ಸಹಿ ಬೇಕು.

ಇತಿ,
ಕಟಪಾಡಿಯ ಒಬ್ಬ ಬೈಕ್ ಸವಾರ